ಹಳೇ ಕ್ಯಾಬಿನ್ ಬೋಟಿಗೆ ಪೆಟ್ರೋಲಾ ಡೀಸೆಲ್ಲಾ, ತೇಗದ ಮರಕ್ಕೆ ಎಣ್ಣೆನಾ ವಾರ್ನಿಶಾ: ಎಲ್ಲಾ ಬಳಸಿ ನೋಡಿದ್ದು

ಸಿಯಾಟಲ್ ಕಡೆ ಇರೋ ನಮ್ಮ ಕನ್ನಡದವರಲ್ಲಿ ಹಳೇ ಬೋಟು ತಗೋಬೇಕು ಅಂತ ಯೋಚನೆ ಮಾಡೋರು ನನ್ನ ಹತ್ರ ಸಾಮಾನ್ಯವಾಗಿ ಕೇಳೋದು ಎರಡು ವಿಷಯ, ಇಂಜಿನ್ ಪೆಟ್ರೋಲಿರ್ಲಾ ಡೀಸೆಲಿರ್ಲಾ ಅಂತ, ಆಮೇಲೆ ಹೊರಗಡೆ ಇರೋ ತೇಗದ ಮರಾನ ಹೇಗೆ ನೋಡ್ಕೊಳ್ಳೋದು ಅಂತ. ನಾನು ಮೊದಲು ಇಟ್ಕೊಂಡಿದ್ದು ಎಂಬತ್ತರ ದಶಕದ ಬೋಟು, 5.7 ಲೀಟರ್ ಪೆಟ್ರೋಲ್ ವಿ-8 ಎರಡು ಇದ್ದದ್ದು. ಈಗಿರೋದು ಎಪ್ಪತ್ತರ ದಶಕದ ಗ್ರ್ಯಾಂಡ್ ಬ್ಯಾಂಕ್ಸ್ 36, ಒಂದೇ ಒಂದು ಫೋರ್ಡ್ ಲೇಮನ್ 120 ಡೀಸೆಲ್. ಗ್ರ್ಯಾಂಡ್ ಬ್ಯಾಂಕ್ಸ್ ಬೋಟುಗಳನ್ನ 1973ರವರೆಗೆ ಮರದಲ್ಲೇ ಕಟ್ತಿದ್ರು, ಆಮೇಲೆ ಫೈಬರ್‌ಗ್ಲಾಸ್‌ಗೆ ಬದಲಾಯಿಸಿದ್ರು, ನಮ್ದು ಫೈಬರ್‌ಗ್ಲಾಸೇ, ಆದ್ರೆ ಡೆಕ್ಕು, ರೇಲು, ಬಾಗಿಲು, ಕಿಟಕಿ ಚೌಕಟ್ಟು ಎಲ್ಲಾ ತೇಗ.

ಮೊದಲು ಪೆಟ್ರೋಲ್ ಬಗ್ಗೆ ಒಳ್ಳೇದು ಹೇಳ್ತೀನಿ, ಯಾಕಂದ್ರೆ ಡೀಸೆಲ್ ಇಟ್ಕೊಂಡೋರು ಅದನ್ನ ಹೇಳೋದೇ ಇಲ್ಲ. ಸದ್ದು ಕಡಿಮೆ, ನಡುಕ ಕಡಿಮೆ, ಶೆವರ್ಲೆ ಕಾರಿನದ್ದೇ ಬ್ಲಾಕ್ ಆಗಿರೋದ್ರಿಂದ ಅದು ಗೊತ್ತಿರೋ ಮೆಕ್ಯಾನಿಕ್‌ಗಳು ಬೇಕಾದಷ್ಟು ಜನ ಸಿಗ್ತಾರೆ. ಸಿಯಾಟಲ್ ಕೆರೆಗಳಿಂದ ಸಮುದ್ರಕ್ಕೆ ಇಳಿಸೋ ಬ್ಯಾಲಾರ್ಡ್ ಲಾಕ್ಸ್ ದಾಟಿ ಸ್ಯಾನ್ ವಾನ್ ದ್ವೀಪದ ಫ್ರೈಡೇ ಹಾರ್ಬರ್‌ಗೆ ಹತ್ತಿರತ್ತಿರ 60 ನಾಟಿಕಲ್ ಮೈಲಿ, 20 ನಾಟ್ ಸ್ಪೀಡಲ್ಲಿ ಹೊಡೆದ್ರೆ ಮೂರು ಗಂಟೆ ಅಷ್ಟೆ, ಶುಕ್ರವಾರ ಆಫೀಸ್ ಮುಗಿಸಿ ಹೊರಟ್ರೂ ಬೇಸಿಗೆಯಲ್ಲಿ ಬೆಳಕಿರೋವಾಗ್ಲೇ ಮುಟ್ಟಬಹುದು. ಆದ್ರೆ ಆ ಸ್ಪೀಡಲ್ಲಿ ಎರಡೂ ಇಂಜಿನ್ ಸೇರಿ ಗಂಟೆಗೆ 20 ಗ್ಯಾಲನ್ ಮೇಲೇ ಕುಡೀತವೆ. ಲೇಮನ್‌ನಲ್ಲಿ ಅದೇ ದಾರಿ 7 ನಾಟ್‌ನಲ್ಲಿ ಒಂದು ಇಡೀ ಹಗಲು ಬೇಕು, ಗಂಟೆಗೆ ಎರಡು ಎರಡೂವರೆ ಗ್ಯಾಲನ್ ಸಾಕು. ಪೆಟ್ರೋಲ್ ಬೋಟನ್ನೂ 7 ನಾಟ್‌ಗೆ ಇಳಿಸಿದ್ರೆ ಖರ್ಚು ಎಷ್ಟೋ ಕಮ್ಮಿ ಆಗುತ್ತೆ, ಅದನ್ನೂ ಹೇಳ್ಬೇಕು, ಹಾಗಾಗಿ ಬರೀ ಇಂಧನದ ಲೆಕ್ಕ ಇಟ್ಕೊಂಡು ತೀರ್ಮಾನ ಮಾಡ್ಬೇಡಿ.

ನಾನು ಬದಲಾಯಿಸಿದ್ದು ಬೇರೆ ಕಾರಣಕ್ಕೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಸೋರಿದ್ರೆ ಬೋಟಿನ ತಳದಲ್ಲಿ ಹೋಗಿ ಕೂರುತ್ತೆ, ಒಂದು ಕಿಡಿ ಸಾಕು. ಅದಕ್ಕೇ ಸ್ಟಾರ್ಟ್ ಮಾಡೋ ಮುಂಚೆ ಕನಿಷ್ಠ 4 ನಿಮಿಷ ಬ್ಲೋವರ್ (ಇಂಜಿನ್ ಜಾಗದ ಗಾಳಿ ಹೊರಗೆ ತಳ್ಳೋ ಫ್ಯಾನು) ಓಡಿಸ್ಬೇಕು, ಹ್ಯಾಚ್ ಎತ್ತಿ ಮೂಸಿ ನೋಡ್ಬೇಕು, ಸ್ಟಾರ್ಟರ್ ಆಲ್ಟರ್ನೇಟರ್ ಹಾಳಾದ್ರೆ ಕಾರಿನದ್ದು ತಂದು ಹಾಕೋ ಹಾಗಿಲ್ಲ, ಕಿಡಿ ಹೊರಗೆ ಬರದ ಹಾಗೆ ಮುಚ್ಚಿರೋ ಮರೀನ್ ಪಾರ್ಟೇ ಬೇಕು. ಮಕ್ಕಳು ಒಳಗಡೆ ಮಲಗಿರೋವಾಗ ಕೀಲಿ ತಿರುಗಿಸೋಕೆ ನನಗೆ ಪ್ರತಿ ಸಲ ಎದೆ ಢವಢವ ಅಂತಿತ್ತು. ಇನ್ನೊಂದು ಕಾರಣ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತೆ ರೈಸರ್, ಅಂದ್ರೆ ಇಂಜಿನ್ ಹೊಗೆಯನ್ನ ಹೊರಗೆ ಒಯ್ಯೋ ಭಾಗಗಳು. ಬೀಡು ಕಬ್ಬಿಣ, ಒಳಗೆ ಉಪ್ಪುನೀರು ಹರಿಯುತ್ತೆ, ತುಕ್ಕು ಒಳಗಿಂದ ತಿಂತಾ ಬರುತ್ತೆ, ಹೊರಗಡೆ ನೋಡಿದ್ರೆ ಪೇಂಟು ಫಳಫಳ. ತೂತಾದ ದಿನ ನೀರು ಸೀದಾ ಸಿಲಿಂಡರ್ ಒಳಗೆ. ಸಮುದ್ರದಲ್ಲಿ ಓಡಿಸೋರು ಐದಾರು ವರ್ಷಕ್ಕೊಮ್ಮೆ ಬದಲಾಯಿಸಿಬಿಡೋದು ಕ್ಷೇಮ, ವಿ-8 ಎರಡಿದ್ರೆ ಮ್ಯಾನಿಫೋಲ್ಡ್ ನಾಲ್ಕು ರೈಸರ್ ನಾಲ್ಕು ಅನ್ನೋದು ನೆನಪಿರಲಿ. ಲೇಕ್ ಯೂನಿಯನ್ ಥರ ಸಿಹಿನೀರಲ್ಲಿ ಕಟ್ಟಿದ್ರೆ ಇನ್ನಷ್ಟು ಬಾಳಿಕೆ ಬರುತ್ತೆ.

ಲೇಮನ್ ಅಂದ್ರೆ ಇಂಗ್ಲೆಂಡಿನ ಫೋರ್ಡ್ ಡೀಸೆಲ್, ಅಮೆರಿಕದ ಲೇಮನ್ ಕಂಪನಿಯವರು ಬೋಟಿಗೆ ಹೊಂದಿಸಿದ್ದು. ಆರು ಸಿಲಿಂಡರ್, 6.2 ಲೀಟರ್, ಅಷ್ಟು ದೊಡ್ಡ ಇಂಜಿನ್ನಿಂದ ತೆಗೆಯೋದು ಬರೀ 120 ಹಾರ್ಸ್‌ಪವರ್, ಅದಕ್ಕೇ ಅದು ಇಷ್ಟು ವರ್ಷ ಬಾಳೋದು. ಸ್ಪಾರ್ಕ್ ಪ್ಲಗ್ ಇಲ್ಲ, ಕಂಪ್ಯೂಟರ್ ಇಲ್ಲ, ಒಂದು ಸಲ ಸ್ಟಾರ್ಟ್ ಆಯ್ತು ಅಂದ್ರೆ ಓಡೋಕೆ ಕರೆಂಟೂ ಬೇಡ. ಸದ್ದು ಜಾಸ್ತಿ, ಬಟ್ಟೆಗೆಲ್ಲಾ ಡೀಸೆಲ್ ವಾಸನೆ, ಹಿಂಭಾಗದಲ್ಲಿ ಮಸಿ ಕೂರುತ್ತೆ, ಇದೆಲ್ಲಾ ನಿಜ. ಇದರ ಇಂಜೆಕ್ಷನ್ ಪಂಪಿಗೆ ಬೇರೆ ಆಯಿಲ್ ಇದೆ, ಇಂಜಿನ್ ಆಯಿಲ್ ಅಲ್ಲಿಗೆ ಹೋಗಲ್ಲ, 50 ಗಂಟೆಗೊಮ್ಮೆ ಬದಲಾಯಿಸ್ಬೇಕು. ಹಳೇ ಮಾಲೀಕರು ಬಹಳಷ್ಟು ಜನ ಇದನ್ನ ಮರೆತಿರ್ತಾರೆ. ಕೆಳಗಿನ ಸ್ಕ್ರೂ ಬಿಚ್ಚಿ ಡಬ್ಬಿಗೆ ಇಳಿಸಿಕೊಂಡು ಬೆರಳಲ್ಲಿ ಉಜ್ಜಿ ನೋಡಿ, ಜಿಡ್ಡು ಇಲ್ಲದೆ ನೀರಿನ ಥರ ಜಾರಿದ್ರೆ, ಡೀಸೆಲ್ ವಾಸನೆ ಹೊಡೆದ್ರೆ, ಡೀಸೆಲ್ ಜಿನುಗಿ ಆಯಿಲ್ ತೆಳ್ಳಗಾಗಿದೆ ಅಂತ. ಫಿಲ್ಟರ್ ಬದಲಾಯಿಸಿದಾಗ ಗಾಳಿ ತೆಗೆಯೋದು ಸ್ವಲ್ಪ ತಾಳ್ಮೆ ಕೆಲಸ, ಟ್ಯಾಂಕಿಂದ ಡೀಸೆಲ್ ಎಳೆಯೋ ಲಿಫ್ಟ್ ಪಂಪಿನ ಕೈಹಿಡಿ ಎಷ್ಟು ಒತ್ತಿದ್ರೂ ಏನೂ ಬರ್ತಿಲ್ಲ ಅಂದ್ರೆ ಒಳಗಿನ ಕ್ಯಾಮ್ ಅಡ್ಡ ನಿಂತಿದೆ ಅಂತ ಅರ್ಥ, ಇಂಜಿನ್ನ ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ. ಇನ್ನು ಇಂಜಿನ್ ತಣ್ಣಗಿಡೋ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ತುಕ್ಕು ತಡೆಯೋಕೆ ಹಾಕಿರೋ ಸತುವಿನ ಕಡ್ಡಿ ಸವೆದಿದ್ಯಾ ನೋಡೋದು, ನೀರಿನ ಪಂಪಿನ ರಬ್ಬರ್ ಚಕ್ರ ಅಂದ್ರೆ ಇಂಪೆಲ್ಲರ್ ಬದಲಾಯಿಸೋದು, ಇವೆಲ್ಲಾ ಯಾರಾದ್ರೂ ಕಲೀಬಹುದು. ಪಾರ್ಟ್‌ಗಳು ಇವತ್ತಿಗೂ ಸಿಗ್ತವೆ. ವಾರಾಂತ್ಯಕ್ಕೆ ದೂರ ಹೋಗಿ ಬರ್ಲೇಬೇಕು ಅನ್ನೋರು ಪೆಟ್ರೋಲೇ ತಗೊಳ್ಳಿ, ಉಳಿದೋರೆಲ್ಲಾ ಡೀಸೆಲ್ ತಗೊಳ್ಳಿ ಅಂತಾನೇ ನಾನು ಹೇಳೋದು.

ಈಗ ತೇಗ. ನಮ್ಮೂರ ಮನೆ ಬಾಗಿಲಿಗೆ ಎಣ್ಣೆ ಸವರಿ ನೂರು ವರ್ಷ ಬಂದಿದೆ, ಇದಕ್ಕೂ ಅಷ್ಟೇ ಸಾಕು ಅಂತ ಊರಿಂದ ಬಂದೋರು ಹೇಳ್ತಾರೆ. ಅಲ್ಲಿ ಬಾಗಿಲ ಮೇಲೆ ಸೂರಿದೆ, ಬೋಟಿನ ರೇಲಿಗೆ ಏನೂ ಇಲ್ಲ, ಎಂಟೊಂಬತ್ತು ತಿಂಗಳು ಮಳೆ ಮೋಡ, ಆಮೇಲೆ ಒಂದೇ ಸಮ ಬಿಸಿಲು. ಹೋಲಿಸಿ ನೋಡ್ಬೇಕು ಅಂತ ರೇಲನ್ನೇ ತುಂಡು ತುಂಡಾಗಿ ಹಂಚಿಕೊಂಡು ಟೀಕ್ ಆಯಿಲ್, ಸೆಟಾಲ್ (ವಾರ್ನಿಶ್ ಬದಲು ಹಚ್ಚೋ ಬಣ್ಣ ಬೆರೆತ ಲೇಪ), ಎಪಿಫೇನ್ಸ್ ಅನ್ನೋ ಕಂಪನಿಯ ವಾರ್ನಿಶ್ ಮೂರೂ ಹಾಕಿದೆ. ಎಡಗಡೆಗೆ ಒಂದು ಬಲಗಡೆಗೆ ಒಂದು ಹಾಕಿದ್ರೆ ಲೆಕ್ಕ ತಪ್ಪುತ್ತೆ, ಕಟ್ಟಿದ ಜಾಗದಲ್ಲಿ ದಕ್ಷಿಣಕ್ಕಿರೋ ಪಕ್ಕಕ್ಕೇ ಬಿಸಿಲು ಜಾಸ್ತಿ ಬೀಳೋದು, ಅದಕ್ಕೆ ಎರಡೂ ಕಡೆ ಮೂರೂ ಹಾಕ್ಬೇಕು.

ಟೀಕ್ ಆಯಿಲ್ ಹಾಕಿದ ದಿನ ಅದರಷ್ಟು ಚೆಂದ ಯಾವುದೂ ಇಲ್ಲ, ಜೇನು ಬಣ್ಣ, ಎಳೆ ಎಳೆ ಎದ್ದು ಕಾಣುತ್ತೆ. ಮಳೆ ಶುರುವಾಗಿ ಸ್ವಲ್ಪ ದಿನಕ್ಕೆ ಕಪ್ಪು ಬೂಷ್ಟು, ತಿರುಗಾ ತೊಳಿ, ತಿರುಗಾ ಹಚ್ಚು. ನಮ್ಮ ಹವಾಮಾನಕ್ಕೆ ಬೇಡ್ವೇ ಬೇಡ. ವಾರ್ನಿಶ್ ಹಾಗಲ್ಲ, ಮೊದಲ ಕೋಟ್ ಅರ್ಧಕ್ಕರ್ಧ ತಿನ್ನರ್ ಬೆರೆಸಿ, ಎರಡನೇದಕ್ಕೆ ಕಡಿಮೆ, ಮೂರನೇದಕ್ಕೆ ಇನ್ನೂ ಕಡಿಮೆ, ಹೀಗೆ ಏಳೆಂಟು ಕೋಟ್ ಆಗ್ಬೇಕು, ಮಧ್ಯೆ ಮಧ್ಯೆ ಸ್ಯಾಂಡ್‌ಪೇಪರ್ ಉಜ್ಜಿ ಧೂಳು ಒರೆಸ್ಬೇಕು. ತೇಗದಲ್ಲೇ ಎಣ್ಣೆ ಇರೋದ್ರಿಂದ ಮೊದಲ ಕೋಟಿಗೆ ಮುಂಚೆ ಅಸಿಟೋನ್ ಹಾಕಿ ಒರೆಸದಿದ್ರೆ ಸರಿಯಾಗಿ ಹಿಡಿಯಲ್ಲ. ಮಧ್ಯಾಹ್ನ ಎರಡು ಮೂರು ಗಂಟೆಗೆ ಬ್ರಶ್ ಇಟ್ಟುಬಿಡಿ, ಸಂಜೆ ಇಬ್ಬನಿ ಬಿದ್ರೆ ಹೊಳಪೆಲ್ಲಾ ಮಂಕಾಗುತ್ತೆ. ಎಲ್ಲಾ ಸರಿ ಹೋದ್ರೆ ಮುಖ ನೋಡ್ಕೋಬಹುದು ಅಷ್ಟು ಹೊಳಪು. ಆದ್ರೆ ಯಾವುದೋ ಜಾಯಿಂಟಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ನೀರು ಒಳಗೆ ಹೋಯ್ತು ಅಂದ್ರೆ ಅಡಿಯಲ್ಲಿ ಹಳದಿ ಕಲೆ ಹರಡಿ ಏಳೋಕೆ ಶುರು, ಆ ಭಾಗ ಪೂರ್ತಿ ಹೀಟ್‌ಗನ್ ಹಿಡಿದು ಕೆರೆದು ಮೊದಲಿಂದ ಮಾಡ್ಬೇಕು.

ಸೆಟಾಲ್‌ಗೆ ಆ ಆಳ ಬರಲ್ಲ. ಹಳೇ ಶೇಡ್ ಸ್ವಲ್ಪ ಕಿತ್ತಳೆ ಕಡೆ ಹೋಗುತ್ತೆ, ನ್ಯಾಚುರಲ್ ಟೀಕ್ ಅನ್ನೋ ಶೇಡ್ ವಾಸಿ. ಮೂರು ಕೋಟ್, ಮಧ್ಯೆ ಉಜ್ಜೋ ಕೆಲಸ ಇಲ್ಲ, ವರ್ಷಕ್ಕೊಮ್ಮೆ ಸ್ಕ್ರಬ್ ಪ್ಯಾಡಲ್ಲಿ ಲೈಟಾಗಿ ತಿಕ್ಕಿ ಇನ್ನೊಂದು ಕೋಟ್. ಹಗ್ಗ ಉಜ್ಜಿ ಗೀರು ಬಿದ್ರೆ ಅಲ್ಲಿಗಷ್ಟೇ ತೇಪೆ ಹಾಕಿದ್ರೆ ಕಾಣಿಸಲ್ಲ. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ನಂಬಿ ಕೆಲಸ ಮಾಡೋ ಊರಲ್ಲಿ ಇದು ದೊಡ್ಡ ವಿಷಯ. ಹಾಗಾಗಿ ಈಗ ನಮ್ಮ ಬೋಟಲ್ಲಿ ರೇಲುಗಳಿಗೆ ಸೆಟಾಲ್, ಕ್ಯಾನ್ವಾಸ್ ಕೆಳಗಿರೋ ಬಾಗಿಲಿಗೆ, ಸ್ಟೀರಿಂಗ್ ಹತ್ರದ ಮರಕ್ಕೆ ವಾರ್ನಿಶ್.

ಡೆಕ್ಕಿಗೆ ಏನೂ ಹಾಕಲ್ಲ, ಬೂದು ಬಣ್ಣಕ್ಕೆ ತಿರುಗಿದ್ರೆ ತಿರುಗಲಿ, ಅದು ಕೊಳೆಯೋ ಲಕ್ಷಣ ಅಲ್ಲ. ಸಮುದ್ರದ ನೀರು ಹಾಕಿ ಮೆತ್ತನೆ ಬ್ರಶ್ಶಲ್ಲಿ ಎಳೆಗೆ ಅಡ್ಡಡ್ಡವಾಗಿ ತಿಕ್ಕಿದ್ರೆ ಪಾಚಿ ಹೋಗುತ್ತೆ. ಎಳೆ ಉದ್ದಕ್ಕೂ ಗಟ್ಟಿ ಬ್ರಶ್ ಹಾಕಿದ್ರೆ, ಪ್ರೆಶರ್ ವಾಷರ್ ಹಿಡಿದ್ರೆ, ಆಸಿಡ್ ಇರೋ ಕ್ಲೀನರ್ ಸುರಿದ್ರೆ ಮೆತ್ತನೆ ಭಾಗ ಕಿತ್ಕೊಂಡು ಹೋಗಿ ಹಲಗೆ ಉಬ್ಬು ತಗ್ಗಾಗುತ್ತೆ, ಪ್ರತಿ ವರ್ಷ ಅಷ್ಟಷ್ಟು ತೆಳ್ಳಗಾಗ್ತಾ ಕೊನೆಗೆ ಸ್ಕ್ರೂ ಮೇಲೆ ಮುಚ್ಚಿರೋ ಮರದ ಬಿರಡೆ ಉದುರಿ ಸ್ಕ್ರೂ ತಲೆ ಕಾಣಿಸುತ್ತೆ. ಆ ತೂತಿಂದ ನೀರು ಇಳಿದು ಕೆಳಗಡೆ ಫೈಬರ್‌ಗ್ಲಾಸ್ ಪದರಗಳ ನಡುವಿರೋ ಕೋರ್ ಕೊಳೆತ್ರೆ ರಿಪೇರಿ ಖರ್ಚಲ್ಲಿ ಇನ್ನೊಂದು ಇಂಜಿನ್ ಬರುತ್ತೆ. ಬೋಟು ನೋಡೋಕೆ ಹೋದಾಗ ಪ್ಲಾಸ್ಟಿಕ್ ಸುತ್ತಿಗೆ ಒಂದು ಜೇಬಲ್ಲಿಟ್ಕೊಂಡು ಹೋಗಿ, ಡೆಕ್ ಮೇಲೆ ಉದ್ದಕ್ಕೂ ತಟ್ಟುತಾ ಬನ್ನಿ, ಟಕ್ ಅನ್ನೋ ಕಡೆ ಗಟ್ಟಿ, ದೊಬ್ ಅನ್ನೋ ಕಡೆ ಅನುಮಾನ ಪಡಿ. ಇಂಜಿನ್ನ ಮಾತ್ರ ನೀವು ಹೋಗೋ ಮುಂಚೆ ಬಿಸಿ ಮಾಡಿಡ್ಬೇಡಿ ಅಂತ ಮಾರೋರಿಗೆ ಮೊದಲೇ ಹೇಳಿರಿ, ತಣ್ಣಗಿರೋವಾಗ ಹೇಗೆ ಸ್ಟಾರ್ಟ್ ಆಗುತ್ತೆ ಅನ್ನೋದನ್ನ ನಿಮ್ಮ ಕಣ್ಣಾರೆ ನೋಡ್ಬೇಕು.