ತಾರೀಕು ಓದಿಸುವುದಕ್ಕೆ ಡೇಟ್‌ಯುಟಿಲ್ ಬೇಕಾ, ಸ್ಟ್ರಿಪ್‌ಟೈಮ್ ಬೇಕಾ, ಪಾಂಡಾಸ್ ಸಾಕಾ?

ನಮಗೆ 05/08/2023 ಅಂದ್ರೆ ಆಗಸ್ಟ್ 5. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದನ್ನು ಓದಿಸಲು ನಾನು ನೋಡಿದ್ದು ಮೂರು ದಾರಿ: ತಾರೀಕು ಊಹಿಸಿ ಓದುವ ಲೈಬ್ರರಿ ಡೇಟ್‌ಯುಟಿಲ್, ಪೈಥಾನ್‌ನದ್ದೇ ಫಂಕ್ಷನ್ ಸ್ಟ್ರಿಪ್‌ಟೈಮ್, ಕೋಷ್ಟಕದ ಡೇಟಾಗೆ ಬಳಸುವ ಲೈಬ್ರರಿ ಪಾಂಡಾಸ್. ದಿನ ಮೊದಲೋ ತಿಂಗಳು ಮೊದಲೋ ಅಂತ ಏನೂ ಹೇಳದೆ ಬಿಟ್ಟರೆ ಡೇಟ್‌ಯುಟಿಲ್, ಪಾಂಡಾಸ್ ಎರಡೂ ಅದನ್ನು ಮೇ 8 ಅಂತ ಓದುತ್ತವೆ. ಇಂಥ ತಾರೀಕುಗಳೇ ತುಂಬಿದ ಸಿಎಸ್‌ವಿ ಫೈಲ್‌ಗಳ (ಅಲ್ಪವಿರಾಮ ಹಾಕಿ ಬರೆದ ಕೋಷ್ಟಕಗಳ) ಮೇಲೆ ಮೂರನ್ನೂ ಓಡಿಸಿ ನೋಡಿದೆ.

ಡೇಟ್‌ಯುಟಿಲ್ ಯಾವುದಕ್ಕೂ ಇಲ್ಲ ಅನ್ನುವುದಿಲ್ಲ. ಬರೀ "10" ಅಂತ ಕೊಟ್ಟರೂ ಈ ತಿಂಗಳ 10ನೇ ತಾರೀಕು ಮಾಡಿಕೊಡುತ್ತದೆ. ಭಯ ಆಗುವುದು ಅಲ್ಲೇ. 13/08 ಬಂದರೆ, 13ನೇ ತಿಂಗಳು ಇಲ್ಲವಲ್ಲ, ಸದ್ದಿಲ್ಲದೆ ಆಗಸ್ಟ್ 13 ಅಂತ ತಿರುಗಿಸಿಬಿಡುತ್ತದೆ. ಒಂದೇ ಕಾಲಮ್‌ನಲ್ಲಿ ಒಂದು ಸಾಲು ಮೇ, ಮುಂದಿನದು ಆಗಸ್ಟ್! "ದಿನ ಮೊದಲು" ಅಂತ ಹೇಳಿಕೊಟ್ಟರೂ 08/13 ಬಂದಾಗ ಮತ್ತೆ ಅದೇ ಚಾಳಿ.

ಸ್ಟ್ರಿಪ್‌ಟೈಮ್ ಇದಕ್ಕೆ ಪೂರ್ತಿ ಉಲ್ಟಾ. ಹೇಳಿದ ಫಾರ್ಮ್ಯಾಟ್‌ಗೆ ಸರಿಹೋಗದಿದ್ದರೆ ಎರರ್, ಅಷ್ಟೇ. ಸಾಲುಗಳು ಜಾಸ್ತಿಯಾದರೆ ಮಾತ್ರ ನಿಧಾನ. ಎರಡಂಕಿಯ ವರ್ಷ ಇದ್ದರೂ ಹುಷಾರು: 65 ಅಂತ ಹುಟ್ಟಿದ ವರ್ಷ ಬರೆದಿದ್ದರೆ ಅದು 2065 ಆಗುತ್ತದೆ. 69ರಿಂದ ಮೇಲಿನದನ್ನಷ್ಟೇ ಹಿಂದಿನ ಶತಮಾನಕ್ಕೆ ಹಾಕುತ್ತದೆ.

ಪಾಂಡಾಸ್ ಮೊದಲು ಪ್ರತಿ ಸಾಲನ್ನೂ ಬೇರೆಬೇರೆಯಾಗಿ ಊಹಿಸುತ್ತಿತ್ತು, ಹಾಗಾಗಿ ಡೇಟ್‌ಯುಟಿಲ್‌ನ ಗೋಳೇ ಇದಕ್ಕೂ ಇತ್ತು. 2023ರ ಏಪ್ರಿಲ್‌ನಲ್ಲಿ ಬಂದ 2.0 ಆವೃತ್ತಿ ಇದನ್ನು ಬದಲಿಸಿತು. ಈಗ ಮೊದಲ ತಾರೀಕು ನೋಡಿ ಫಾರ್ಮ್ಯಾಟ್ ಊಹಿಸಿ, ಕಾಲಮ್‌ಗೆಲ್ಲ ಅದನ್ನೇ ಹಿಡಿಯುತ್ತದೆ. ಮೊದಲು 05/08 ಇದ್ದರೆ, ಆಮೇಲೆ 13/08 ಸಿಕ್ಕ ತಕ್ಷಣ ಎರರ್. ನಿಜವಾಗಿಯೂ ಕಲಸುಮೇಲೋಗರ ಡೇಟಾ ಇದ್ದರೆ "ಮಿಕ್ಸ್ಡ್" ಅಂತ ನಾವೇ ಕೇಳಿಕೊಳ್ಳಬೇಕು. ಹಳೇ ಕೋಡ್ ಮುರಿದರೂ ಈ ಬದಲಾವಣೆ ನನಗೆ ಇಷ್ಟ.

ಆದರೂ ಕಿಂಡಿ ಉಳಿದಿದೆ. ಎಲ್ಲ ತಾರೀಕುಗಳೂ 12ರ ಒಳಗಿದ್ದರೆ ಎರರ್ ಎಲ್ಲಿಂದ ಬರಬೇಕು? ಸುಮ್ನೆ ತಪ್ಪಾಗಿ ಓದಿಕೊಂಡು ಹೋಗುತ್ತದೆ. ಎರರ್ ಬೇಡ ಅಂತ "ಕೋಯರ್ಸ್" ಹಾಕಿದರೆ ಇನ್ನೂ ಕಷ್ಟ: 12 ದಾಟಿದ ದಿನಗಳೆಲ್ಲ ಖಾಲಿಯಾಗುತ್ತವೆ. ಅದಕ್ಕೇ ನನ್ನ ಆಯ್ಕೆ, ಫಾರ್ಮ್ಯಾಟ್ ಬಾಯಿಬಿಟ್ಟು ಹೇಳಿದ ಪಾಂಡಾಸ್. ಸ್ಟ್ರಿಪ್‌ಟೈಮ್‌ನ ಶಿಸ್ತೂ ಸಿಗುತ್ತದೆ, ವೇಗವೂ ಸಿಗುತ್ತದೆ. ಡೇಟ್‌ಯುಟಿಲ್ ಏನಿದ್ದರೂ ಒಂದೆರಡು ಬಿಡಿ ತಾರೀಕು ಇದ್ದಾಗ ಮಾತ್ರ.

ಎಕ್ಸೆಲ್‌ನಿಂದ ತಾರೀಕಿನ ಬದಲು 45000 ಅಂತ ಸಂಖ್ಯೆ ಬಂದರೆ? ಪಾಂಡಾಸ್ ಅದನ್ನು ನ್ಯಾನೋಸೆಕೆಂಡ್ ಅಂದುಕೊಂಡು 1970ರ ಜನವರಿ 1ಕ್ಕೆ ಕೂರಿಸುತ್ತದೆ. ಇವು ದಿನಗಳು, ಎಣಿಕೆ 1899ರ ಡಿಸೆಂಬರ್ 30ರಿಂದ ಅಂತ ಹೇಳಿಕೊಡಿ. 2023ರ ಮಾರ್ಚ್ 15 ಸರಿಯಾಗಿ ಬರುತ್ತದೆ.