ನಾಸ್‌ಗೆ ರ‍್ಯಾಮ್ ಹೆಚ್ಚಿಸುವ ಮುನ್ನ ಒಂದು ಎಚ್ಚರಿಕೆ: ಸದ್ದಿಲ್ಲದೆ ಕೆಟ್ಟ ನಮ್ಮ ಕಡತಗಳು

ಮನೆಯ ನಾಸ್‌ಗೆ (ಮನೆಯ ಜಾಲಕ್ಕೆ ಜೋಡಿಸಿ, ಎಲ್ಲರ ಕಡತಗಳನ್ನೂ ಒಂದೆಡೆ ಇಡುವ ಡಿಸ್ಕ್ ಪೆಟ್ಟಿಗೆಗೆ) ರ‍್ಯಾಮ್ ಹೆಚ್ಚಿಸುವ ಯೋಚನೆಯಲ್ಲಿರುವವರು ಮಾಡ್ಯೂಲ್ ಕೊಳ್ಳುವ ಮೊದಲೇ ಇದನ್ನು ಓದಲಿ ಎಂಬ ಉದ್ದೇಶದಿಂದ ಬರೆಯುತ್ತಿದ್ದೇನೆ. ನಮ್ಮ ನಾಸ್‌ನಲ್ಲಿ ಹೊಸದಾಗಿ ಕೂರಿಸಿದ 8 ಜಿಬಿಯ ದೋಷಯುಕ್ತ ಮಾಡ್ಯೂಲೊಂದು ತಿಂಗಳುಗಟ್ಟಲೆ ಫೋಟೊಗಳನ್ನೂ ದಾಖಲೆಗಳನ್ನೂ ಕೆಡಿಸುತ್ತ ಹೋಯಿತು. ಅಷ್ಟು ಕಾಲವೂ ಪೆಟ್ಟಿಗೆಯ ಮುಂಭಾಗದ ದೀಪಗಳೆಲ್ಲ ಹಸಿರಾಗಿಯೇ ಇದ್ದವು. ಎರಡು ಡಿಸ್ಕ್‌ಗಳಲ್ಲೂ ಒಂದೇ ದತ್ತಾಂಶದ ಪ್ರತಿ ಇಡುವ ರೈಡ್ 1 ಇತ್ತು, ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿತ್ತು. ಆದರೆ ರೈಡ್ ಕಾಯುವುದು ಡಿಸ್ಕ್ ಕೆಟ್ಟಾಗ; ಮೆಮೊರಿಯಲ್ಲೇ ಕೆಟ್ಟು ಬಂದ ದತ್ತಾಂಶವನ್ನು ಅದು ಅಷ್ಟೇ ನಿಷ್ಠೆಯಿಂದ ಎರಡೂ ಡಿಸ್ಕ್‌ಗಳಿಗೆ ಬರೆಯುತ್ತದೆ.

ಆರಂಭದಲ್ಲಿ ಇದ್ದ ದೂರು ಬಹಳ ಸಣ್ಣದು. ಫೋಟೊ ಆ್ಯಪ್‌ನಲ್ಲಿ ಆಲ್ಬಂ ತೆರೆದರೆ ಥಂಬ್‌ನೇಲ್‌ಗಳು ಮೂಡಲು ತಡವಾಗುತ್ತಿತ್ತು. ನಾಸ್ ಮಾರಿದ ಅಂಗಡಿಯ ತಂತ್ರಜ್ಞರು ನಿಯಂತ್ರಣ ಪುಟದ ನಕ್ಷೆಯಲ್ಲಿ ಮೆಮೊರಿಯ ಬಹುಭಾಗ ಬಳಕೆಯಲ್ಲಿರುವುದನ್ನು ತೋರಿಸಿ, ಬೋರ್ಡಿಗೇ ಬೆಸೆದಿರುವ 2 ಜಿಬಿ ಸಾಲುತ್ತಿಲ್ಲ, ಖಾಲಿ ಸ್ಲಾಟ್‌ನಲ್ಲಿ 8 ಜಿಬಿ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದರು. ಮಾಡ್ಯೂಲನ್ನು ಪರೀಕ್ಷಿಸಿಯೇ ಕೊಡುತ್ತೇವೆ ಎಂಬ ಭರವಸೆಯನ್ನೂ ಕೊಟ್ಟರು. ಈ ಎರಡು ಮಾತುಗಳಲ್ಲಿ ಮೊದಲನೆಯದು ಅರ್ಧಸತ್ಯ. ಎರಡನೆಯದು ಸತ್ಯವೇ ಅಲ್ಲ.

ಅರ್ಧಸತ್ಯ ಏಕೆಂದರೆ, ಹೆಚ್ಚಿನ ನಾಸ್‌ಗಳು ಲಿನಕ್ಸ್ ಆಧಾರಿತವಾಗಿದ್ದು, ಲಿನಕ್ಸ್ ಖಾಲಿ ಬಿದ್ದಿರುವ ರ‍್ಯಾಮನ್ನು ಸುಮ್ಮನೆ ಬಿಡದೆ ಇತ್ತೀಚೆಗೆ ಓದಿದ ಕಡತಗಳ ಕ್ಯಾಶ್ (ಮತ್ತೆ ಬೇಗ ಕೊಡಲು ಇಟ್ಟುಕೊಂಡ ಪ್ರತಿ) ಆಗಿ ಬಳಸಿಕೊಳ್ಳುತ್ತದೆ ಮತ್ತು ಯಾವುದಾದರೂ ಪ್ರೋಗ್ರಾಂ ಕೇಳಿದ ಕೂಡಲೇ ಆ ಜಾಗವನ್ನು ಬಿಟ್ಟುಕೊಡುತ್ತದೆ. ಹಾಗಾಗಿ 2 ಜಿಬಿ ಇದ್ದರೂ 32 ಜಿಬಿ ಇದ್ದರೂ ಕೆಲವು ದಿನಗಳಲ್ಲಿ ಅದು ಬಹುಪಾಲು ತುಂಬಿದಂತೆಯೇ ಕಾಣಬಹುದು. ನೋಡಬೇಕಾದದ್ದು ಖಾಲಿ ಮೆಮೊರಿಯ ಅಂಕಿಯನ್ನಲ್ಲ, 'ಲಭ್ಯ ಮೆಮೊರಿ'ಯ ಅಂಕಿಯನ್ನು. ಈ ಗೊಂದಲ ತಪ್ಪಿಸಲೆಂದೇ 2014ರಲ್ಲಿ ಬಂದ ಲಿನಕ್ಸ್ ಕರ್ನಲ್ 3.14ರಲ್ಲಿ ಅದನ್ನು ಪ್ರತ್ಯೇಕವಾಗಿ ತೋರಿಸುವ ಏರ್ಪಾಟು ಮಾಡಲಾಯಿತು. ಅದಕ್ಕಿಂತಲೂ ನಂಬಬಹುದಾದ ಗುರುತು ಸ್ವಾಪ್, ಅಂದರೆ ಮೆಮೊರಿ ಸಾಲದಾದಾಗ ಅದರಲ್ಲಿರುವುದನ್ನು ತಾತ್ಕಾಲಿಕವಾಗಿ ಇಡಲು ಡಿಸ್ಕಿನಲ್ಲಿ ಬಳಸುವ ಜಾಗ. ನಿಮ್ಮ ಎಂದಿನ ಕೆಲಸ ನಡೆಯುತ್ತಿರುವಾಗ ನಾಸ್‌ನ ಟರ್ಮಿನಲ್‌ನಲ್ಲಿ ವಿಎಂಸ್ಟ್ಯಾಟ್ (vmstat) ಆಜ್ಞೆ ಕೊಟ್ಟು, ಸ್ವಾಪ್‌ನಿಂದ ಒಳಬರುವ ಹಾಗೂ ಸ್ವಾಪ್‌ಗೆ ಹೊರಹೋಗುವ ಎರಡು ಅಂಕಣಗಳನ್ನು ಸ್ವಲ್ಪ ಹೊತ್ತು ಗಮನಿಸಿ. ಅಲ್ಲಿ ಸೊನ್ನೆಯೇ ಕಾಣುತ್ತಿದ್ದರೆ ಮೆಮೊರಿಯ ಕೊರತೆ ಇಲ್ಲ. ಅಂಕಿಗಳು ಎಡೆಬಿಡದೆ ಬದಲಾಗುತ್ತಿದ್ದರೆ ಕೊರತೆ ಇದೆ. ನಮ್ಮ ಪೆಟ್ಟಿಗೆಯಲ್ಲಿ ಆ ಅಂಕಣಗಳು ಬಹುತೇಕ ಸೊನ್ನೆಯಲ್ಲೇ ಇದ್ದವು. ಥಂಬ್‌ನೇಲ್ ತಡವಾಗುತ್ತಿದ್ದುದು, ಹೊಸದಾಗಿ ಸೇರಿಸಿದ ಸಾವಿರಾರು ಫೋಟೊಗಳನ್ನು ಪ್ರೊಸೆಸರ್ ಇನ್ನೂ ಒಂದೊಂದಾಗಿ ಸಂಸ್ಕರಿಸುತ್ತಿದ್ದುದರಿಂದ.

ಕಡತಗಳ ನಕಲು ವೇಗವಾಗುತ್ತದೆ ಎಂಬ ಆಸೆಯಿಂದ ರ‍್ಯಾಮ್ ಹಾಕಿಸುವವರೂ ಇದ್ದಾರೆ. ಗಿಗಾಬಿಟ್ ಈಥರ್ನೆಟ್‌ನ ಲೆಕ್ಕದ ಮಿತಿಯೇ ಸೆಕೆಂಡಿಗೆ 125 ಎಂಬಿ, ಕೈಗೆ ಸಿಗುವುದು ಸುಮಾರು 110 ಎಂಬಿ. ಆ ಮಿತಿಯನ್ನು ಆಗಲೇ ಮುಟ್ಟಿರುವ ಪೆಟ್ಟಿಗೆಗೆ ಎಷ್ಟು ರ‍್ಯಾಮ್ ಸುರಿದರೂ ನಕಲಿನ ವೇಗ ಕದಲುವುದಿಲ್ಲ. ವರ್ಚುವಲ್ ಮಷೀನ್ ನಡೆಸುವವರಿಗೆ, ಹಲವಾರು ಕಂಟೇನರ್‌ಗಳನ್ನು ಒಟ್ಟಿಗೆ ಓಡಿಸುವವರಿಗೆ, ಜೆಡ್‌ಎಫ್‌ಎಸ್ ಕಡತ ವ್ಯವಸ್ಥೆಯ ಡಿಡೂಪ್ಲಿಕೇಷನ್ (ಒಂದೇ ದತ್ತಾಂಶದ ಹಲವು ಪ್ರತಿಗಳ ಬದಲು ಒಂದನ್ನೇ ಇಡುವ ಸೌಲಭ್ಯ) ಬಳಸುವವರಿಗೆ ಹೆಚ್ಚಿನ ಮೆಮೊರಿ ನಿಜಕ್ಕೂ ಬೇಕು. ಕಡತ ಇಡುವುದು, ಚಲನಚಿತ್ರ ನೋಡುವುದು, ಬ್ಯಾಕಪ್ ತೆಗೆಯುವುದು ಇಷ್ಟೇ ಕೆಲಸವಾದರೆ ಸಾಮಾನ್ಯವಾಗಿ ಬೇಡ.

ಇನ್ನು ನಡೆದ ಹಾನಿಯ ವಿಷಯ. ಮೊದಲು ಕಂಡದ್ದು ಫೋಟೊಗಳಲ್ಲಿ: ಚಿತ್ರದ ಮೇಲ್ಭಾಗ ಸರಿಯಾಗಿದ್ದು, ಒಂದು ಗೆರೆಯಿಂದ ಕೆಳಗೆ ಬಣ್ಣವೆಲ್ಲ ಬದಲಾಗಿ, ತುಣುಕುಗಳು ಪಕ್ಕಕ್ಕೆ ಸರಿದಂತಿದ್ದವು. ಜೆಪೆಗ್ ಕಡತದಲ್ಲಿ ಒಂದೇ ಒಂದು ಬಿಟ್ ತಿರುಗಿದರೂ ಆ ಸ್ಥಳದಿಂದ ಮುಂದಿನ ಭಾಗ ಹೀಗೆ ಕೆಡಬಹುದು. ಕೆಲವು ಜಿಪ್ ಕಡತಗಳು ಸಿಆರ್‌ಸಿ (ದತ್ತಾಂಶ ಕೆಟ್ಟಿದೆಯೇ ಎಂದು ತಾಳೆ ನೋಡುವ ಅಂಕಿ) ದೋಷವೆಂದು ತೆರೆಯಲು ನಿರಾಕರಿಸಿದವು. ನಮ್ಮ ನಾಸ್‌ನ ಕಡತ ವ್ಯವಸ್ಥೆಯಾದ ಬಿಟಿಆರ್‌ಎಫ್‌ಎಸ್‌ನ ಸ್ಕ್ರಬ್ (ಡಿಸ್ಕಿನಲ್ಲಿರುವುದನ್ನೆಲ್ಲ ಓದಿ, ಚೆಕ್‌ಸಮ್ ಎಂಬ ತಾಳೆ ಅಂಕಿಯೊಂದಿಗೆ ಹೋಲಿಸುವ ಕೆಲಸ) ಓಡಿಸಿದಾಗ ಚೆಕ್‌ಸಮ್ ದೋಷಗಳ ಪಟ್ಟಿಯೇ ಬಂತು. ಅಂಗಡಿಯವರು ಡಿಸ್ಕ್ ಹೋಗಿದೆ ಎಂದು ನಿರ್ಣಯಿಸಿ ಒಂದು ಡಿಸ್ಕ್ ಬದಲಿಸಿ ರೈಡ್ ಮರುನಿರ್ಮಾಣಕ್ಕೆ ಹಚ್ಚಿದರು. ಇಡೀ ಪ್ರಸಂಗದಲ್ಲಿ ಅತಿ ಹೆಚ್ಚು ಕೇಡು ಮಾಡಿದ ಹೆಜ್ಜೆ ಇದು. ಮರುನಿರ್ಮಾಣವೆಂದರೆ ಉಳಿದ ಡಿಸ್ಕಿನ ಪ್ರತಿಯೊಂದು ಬ್ಲಾಕನ್ನೂ ರ‍್ಯಾಮಿಗೆ ಓದಿ ಹೊಸ ಡಿಸ್ಕಿಗೆ ಬರೆಯುವುದು. ರ‍್ಯಾಮೇ ಕೆಟ್ಟಿದ್ದಾಗ, ಅಲ್ಲಿಯವರೆಗೆ ಯಾರೂ ಮುಟ್ಟದೆ ಸುರಕ್ಷಿತವಾಗಿದ್ದ ಹಳೆಯ ಕಡತಗಳೂ ಆ ದಾರಿಯಲ್ಲಿ ಸಾಗಿ ಕೆಡುವ ಅವಕಾಶ ಹುಟ್ಟಿತು.

ಡಿಸ್ಕ್ ಕಾರಣವಲ್ಲ ಎಂಬುದಕ್ಕೆ ಸಾಕ್ಷ್ಯ ಕಣ್ಣೆದುರೇ ಇತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಮರುಹಂಚಿಕೆಯಾದ ಸೆಕ್ಟರ್‌ಗಳು ಸೊನ್ನೆ, ಬಾಕಿ ಸೆಕ್ಟರ್‌ಗಳು ಸೊನ್ನೆ, ಕೇಬಲ್ ಕೆಟ್ಟರೆ ಏರುವ ಸಿಆರ್‌ಸಿ ಎಣಿಕೆಯೂ ಸೊನ್ನೆ. ಒಂದು ಸ್ಕ್ರಬ್‌ನಲ್ಲಿ ದೋಷಪೂರಿತವೆಂದು ಬಂದ ಕೆಲವು ಕಡತಗಳು ಮುಂದಿನ ಸ್ಕ್ರಬ್‌ನಲ್ಲಿ ಸರಿಯಾಗಿದ್ದು, ಬೇರೆ ಕಡತಗಳ ಹೆಸರು ಬರುತ್ತಿತ್ತು. ಡಿಸ್ಕಿನ ಮೇಲೆ ನಿಜವಾಗಿ ಕೆಟ್ಟ ಕಡತ ಪ್ರತಿ ಸಲವೂ ಕೆಟ್ಟೇ ಇರುತ್ತದೆ. ಹೆಸರುಗಳು ಬದಲಾಗುತ್ತಿದ್ದರೆ ಓದುವಾಗ ಮೆಮೊರಿಯಲ್ಲಿ ಏನೋ ಆಗುತ್ತಿದೆ ಎಂದು ಅನುಮಾನಿಸಬೇಕು. ಜೊತೆಗೆ ಇನ್ನೊಂದು ಲಕ್ಷಣ: ಕೆಲವು ಕಡತಗಳ ಎರಡೂ ಡಿಸ್ಕ್‌ಗಳ ಪ್ರತಿಗಳು ಒಂದೇ ರೀತಿಯಲ್ಲಿ, ಒಂದೇ ಜಾಗದಲ್ಲಿ ಕೆಟ್ಟಿದ್ದವು. ಎರಡು ಬೇರೆ ಡಿಸ್ಕ್‌ಗಳು ಮಾತಾಡಿಕೊಂಡು ಕೆಡುವುದಿಲ್ಲ.

ಚೆಕ್‌ಸಮ್ ಇರುವ ಕಡತ ವ್ಯವಸ್ಥೆ ಇದ್ದರೆ ಎಲ್ಲವೂ ಪತ್ತೆಯಾಗುತ್ತದೆ ಎಂದುಕೊಳ್ಳಬೇಡಿ. ಚೆಕ್‌ಸಮ್ ಲೆಕ್ಕ ಹಾಕಿದ ಮೇಲೆ ಬಿಟ್ ತಿರುಗಿದರೆ ಸ್ಕ್ರಬ್ ಅದನ್ನು ಹಿಡಿಯುತ್ತದೆ. ಲೆಕ್ಕ ಹಾಕುವ ಮೊದಲೇ ತಿರುಗಿದರೆ, ಕೆಟ್ಟ ದತ್ತಾಂಶಕ್ಕೇ ಸರಿಯಾದ ಚೆಕ್‌ಸಮ್ ಬಿದ್ದು, ಆ ಕಡತ ಎಷ್ಟು ಸ್ಕ್ರಬ್ ಮಾಡಿದರೂ ನಿರ್ದೋಷಿಯಾಗಿಯೇ ಹೊರಬರುತ್ತದೆ. ನಮ್ಮಲ್ಲಿ ಹೀಗೆ ಜಾರಿಕೊಂಡ ಕಡತಗಳನ್ನು ಒಂದೊಂದಾಗಿ ತೆರೆದೇ ಕಂಡುಹಿಡಿಯಬೇಕಾಯಿತು.

ಮಾಡ್ಯೂಲನ್ನು ಕಳಚಿ ಅದೇ ಬಗೆಯ ರ‍್ಯಾಮ್ ಹಿಡಿಸುವ ಲ್ಯಾಪ್‌ಟಾಪ್ ಒಂದರಲ್ಲಿ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶ ಓಡಿಸಿದಾಗ ದೋಷ ಹೊರಬಿತ್ತು. ಅದೂ ಮೊದಲ ಸುತ್ತಿನಲ್ಲಲ್ಲ, ಮಾಡ್ಯೂಲ್ ಬಿಸಿಯಾದ ಮೇಲಿನ ಸುತ್ತುಗಳಲ್ಲಿ. ಆದ್ದರಿಂದ ಒಂದು ಸುತ್ತು ಮುಗಿದ ತಕ್ಷಣ ನಿಲ್ಲಿಸದೆ ರಾತ್ರಿಯಿಡೀ ಓಡಲು ಬಿಡಬೇಕು. ಅಂಗಡಿಯವರನ್ನು ಕೇಳಿದಾಗ ತಿಳಿದದ್ದೇನೆಂದರೆ, ಅವರ ಪ್ರಕಾರ ಪರೀಕ್ಷೆ ಎಂದರೆ ಮಾಡ್ಯೂಲ್ ಹಾಕಿದ ಮೇಲೆ ನಾಸ್ ಚಾಲೂ ಆಗಿ ಒಟ್ಟು 10 ಜಿಬಿ ಎಂದು ತೋರಿಸುವುದು. ಅವರು ಮಾಡ್ಯೂಲ್ ಬದಲಿಸಿಕೊಡಲು ಒಪ್ಪಿದರು, ಕಡತಗಳಿಗೆ ತಾವು ಹೊಣೆಯಲ್ಲ ಎಂದರು. ಪರೀಕ್ಷಿಸಿದ್ದೇವೆ ಎಂದು ಯಾರಾದರೂ ಹೇಳಿದರೆ, ಯಾವ ಸಾಧನದಿಂದ, ಎಷ್ಟು ಸುತ್ತು ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ.

ಇದೆಲ್ಲ ಅಪರೂಪದ ದುರದೃಷ್ಟವೆಂದು ತಳ್ಳಿಹಾಕುವಂತಿಲ್ಲ. ಗೂಗಲ್‌ನ ಸರ್ವರ್‌ಗಳನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ವರ್ಷಕ್ಕೆ ಶೇ 8ಕ್ಕೂ ಹೆಚ್ಚು ಮಾಡ್ಯೂಲ್‌ಗಳು ದೋಷ ತೋರಿಸಿದ್ದವು. ಆ ಸರ್ವರ್‌ಗಳಲ್ಲಿ ಇಸಿಸಿ ಮೆಮೊರಿ ಇದ್ದುದರಿಂದ ದೋಷಗಳು ಎಣಿಕೆಗೆ ಸಿಕ್ಕವು. ಒಂದು ಬಿಟ್ ತಪ್ಪಿದರೆ ಅದನ್ನು ತಿದ್ದುವ, ಎರಡು ತಪ್ಪಿದರೆ ಕನಿಷ್ಠ ಗುರುತಿಸುವ ಶಕ್ತಿ ಇಸಿಸಿಗಿದೆ. ಮನೆಬಳಕೆಯ ಅಗ್ಗದ ನಾಸ್‌ಗಳಲ್ಲಿ ಹೆಚ್ಚಿನವಕ್ಕೆ ಆ ಸೌಲಭ್ಯವಿಲ್ಲ, ಆದ್ದರಿಂದ ಅಲ್ಲಿ ದೋಷವನ್ನು ಎಣಿಸುವವರೂ ಇಲ್ಲ.

ಹೊಂದಾಣಿಕೆಯ ಬಗ್ಗೆ ಕೆಲವು ಮಾತು. ಲ್ಯಾಪ್‌ಟಾಪ್ ಗಾತ್ರದ ಡಿಡಿಆರ್3 ಮಾಡ್ಯೂಲ್‌ಗೆ 204 ಪಿನ್, ಡಿಡಿಆರ್4ಕ್ಕೆ 260 ಪಿನ್ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಆದರೆ 1.5 ವೋಲ್ಟ್‌ನ ಡಿಡಿಆರ್3 ಮತ್ತು 1.35 ವೋಲ್ಟ್‌ನ ಡಿಡಿಆರ್3ಎಲ್ ಒಂದೇ ಸ್ಲಾಟ್‌ನಲ್ಲಿ ಕೂರುತ್ತವೆ, ವೋಲ್ಟ್ ಹೊಂದದ ಮಾಡ್ಯೂಲ್ ಕೊಂಡು ಅಲ್ಲೇ ಮೋಸಹೋಗುವುದು. ಗಾತ್ರದ ಮಿತಿಯನ್ನೂ ನೋಡಿಕೊಳ್ಳಿ: ಹಲವು ನಾಸ್‌ಗಳಲ್ಲಿರುವ ಸೆಲೆರಾನ್ ಜೆ4125 ಪ್ರೊಸೆಸರ್‌ಗೆ ಇಂಟೆಲ್ ಹೇಳುವ ಗರಿಷ್ಠ ಮಿತಿ 8 ಜಿಬಿ. ಅದನ್ನು ಮೀರಿ ಹಾಕಿಯೂ ತೊಂದರೆಯಿಲ್ಲದೆ ನಡೆಸುವವರು ಬಹಳ ಜನ ಇದ್ದಾರೆ, ನಿಜ. ತಯಾರಕರ ಪಟ್ಟಿಯಲ್ಲಿಲ್ಲದ ಮಾಡ್ಯೂಲ್ ಹಾಕಿದಾಗ ಸಮಸ್ಯೆ ಬಂದರೆ, ಅದನ್ನು ತೆಗೆದು ಬನ್ನಿ ಎಂಬುದೇ ಸಹಾಯ ಕೇಂದ್ರದ ಮೊದಲ ಉತ್ತರವಾಗಿರುತ್ತದೆ ಎಂಬುದೂ ಅಷ್ಟೇ ನಿಜ. ತೆಗೆದ ಹಳೆಯ ಮಾಡ್ಯೂಲ್ ಇದ್ದರೆ ಅದನ್ನು ಮಾರಬೇಡಿ.

ಈಗಾಗಲೇ ಮಾಡ್ಯೂಲ್ ಹಾಕಿಸಿ ಅನುಮಾನದಲ್ಲಿರುವವರು, ರ‍್ಯಾಮಿಗಿಂತ ದೊಡ್ಡದಾದ ಒಂದು ಕಡತದ ಎಸ್‌ಎಚ್‌ಎ-256 ಮೌಲ್ಯವನ್ನು (ಕಡತದ ದತ್ತಾಂಶದಿಂದ ಲೆಕ್ಕ ಹಾಕುವ, ಬೆರಳಚ್ಚಿನಂಥ ಅಂಕಿಯನ್ನು) ನಾಸ್‌ನಲ್ಲೇ ಮತ್ತೆ ಮತ್ತೆ ಲೆಕ್ಕ ಹಾಕಿ ನೋಡಬಹುದು. ಒಮ್ಮೆ ಬೇರೆ ಮೌಲ್ಯ ಬಂದರೂ ಆ ಯಂತ್ರವನ್ನು ನಂಬುವಂತಿಲ್ಲ. ಆಗ ಸ್ಕ್ರಬ್ ಮಾಡಬೇಡಿ, ಡಿಸ್ಕ್ ಬದಲಿಸಬೇಡಿ, ಬ್ಯಾಕಪ್ ಕೆಲಸವನ್ನು ತಕ್ಷಣ ನಿಲ್ಲಿಸಿ, ಹಳೆಯ ಆವೃತ್ತಿಗಳು ಅವಧಿ ಮುಗಿದು ಅಳಿಸಿಹೋಗದಂತೆ ತಡೆಯಿರಿ. ನಂತರ ನಾಸ್ ಅನ್ನು ಸ್ಥಗಿತಗೊಳಿಸಿ, ವಿದ್ಯುತ್ ತಂತಿ ಕಿತ್ತು ಮಾಡ್ಯೂಲ್ ಹೊರತೆಗೆಯಿರಿ. ಮಾಡ್ಯೂಲ್ ಹಾಕಿಸಿದ ದಿನಾಂಕ ಬಿಲ್ಲಿನಲ್ಲಿರುತ್ತದೆ. ಅದಕ್ಕಿಂತ ಹಿಂದಿನ ಬ್ಯಾಕಪ್ ಆವೃತ್ತಿಯೊಂದಿಗೆ ಈಗಿನ ಕಡತಗಳನ್ನು ಹೋಲಿಸಿ, ಬದಲಾವಣೆಯ ದಿನಾಂಕ ಒಂದೇ ಇದ್ದು ಒಳಗಿನ ದತ್ತಾಂಶ ಬೇರೆಯಾಗಿರುವವನ್ನು ಹೆಕ್ಕಿ, ಅವುಗಳ ಹಳೆಯ ಪ್ರತಿಯನ್ನು ಮರಳಿ ತನ್ನಿ. ಆ ದಿನಾಂಕದ ನಂತರ ಸೇರಿದ ಫೋಟೊಗಳಲ್ಲಿ, ಫೋನು ಮತ್ತು ಕ್ಯಾಮೆರಾ ಕಾರ್ಡ್‌ಗಳಿಂದ ಇನ್ನೂ ಅಳಿಸದೆ ಉಳಿದಿದ್ದವಷ್ಟೇ ನಮಗೆ ಪೂರ್ತಿಯಾಗಿ ದಕ್ಕಿದವು.