ಆ ಫಾರಂನಲ್ಲಿ ಮಾತ್ರೆ ಬಗ್ಗೆ ಯಾಕೆ ಕೇಳಿದ್ದರು?

ನನ್ನ ತಮ್ಮನನ್ನು ಬಲೆಗೆ ಹಾಕಿಕೊಂಡ ಧಾರ್ಮಿಕ ಗುಂಪಿನ ಕಥೆ ಇದು. ಯಾವ ಧರ್ಮ, ಯಾವ ಪಂಥ ಅಂತ ಕೇಳಬೇಡಿ, ಹೇಳಲ್ಲ. ಹೇಳಿದರೆ ಅರ್ಧ ಜನ "ನಮ್ಮವರಲ್ಲ ಬಿಡು" ಅಂತ ಇಲ್ಲಿಗೇ ಓದೋದು ನಿಲ್ಲಿಸುತ್ತಾರೆ. ಉಳಿದವರು ಜಗಳಕ್ಕೆ ನಿಲ್ಲುತ್ತಾರೆ. ಇಂಥವರು ಎಲ್ಲರಲ್ಲೂ ಇದ್ದಾರೆ.

ನನ್ನ ತಮ್ಮನಿಗೆ 26 ವರ್ಷ. ಬೈಪೋಲಾರ್ ಕಾಯಿಲೆ ಇದೆ, ಅಂದರೆ ಮನಸ್ಸು ಒಮ್ಮೆ ವಿಪರೀತ ಉತ್ಸಾಹದ ಉನ್ಮಾದಕ್ಕೆ, ಒಮ್ಮೆ ತೀರಾ ಖಿನ್ನತೆಗೆ ಜಾರೋ ಕಾಯಿಲೆ. ನಾಲ್ಕು ವರ್ಷದಿಂದ ಅದನ್ನು ಹತೋಟಿಯಲ್ಲಿಡೋ ಲಿಥಿಯಂ ಮಾತ್ರೆ, ಆಗಾಗ ರಕ್ತಪರೀಕ್ಷೆ. ಚೆನ್ನಾಗಿಯೇ ಇದ್ದ. ಬೆಂಗಳೂರಲ್ಲಿ ಕೆಲಸ, ಮಾರತ್ತಹಳ್ಳಿಯಲ್ಲಿ ಪಿಜಿ. ಹೋದ ವರ್ಷ ಅಪ್ಪ ತೀರಿಕೊಂಡರು. ಕಾರ್ಯ ಮುಗಿಸಿ ವಾಪಸ್ ಹೋದವನು ಫೋನಲ್ಲಿ ಹ್ಞೂಂ, ಊಹೂಂ ಬಿಟ್ಟರೆ ಮಾತೇ ಆಡುತ್ತಿರಲಿಲ್ಲ. ಪಕ್ಕದ ರೂಮಿನ ಹುಡುಗ "ಸುಮ್ನೆ ಬಾ, ಮನಸ್ಸು ಹಗುರಾಗುತ್ತೆ" ಅಂತ ಒಂದು ಭಾನುವಾರ ಸಭೆಗೆ ಕರೆದುಕೊಂಡು ಹೋದ.

ಮೊದಲ ದಿನವೇ ಒಂದು ಫಾರಂ. ಹೆಸರು, ಊರು, ಸಂಬಳ. ಅದರ ಕೆಳಗೆ: ಇತ್ತೀಚೆಗೆ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರಾ? ರಾತ್ರಿ ನಿದ್ದೆ ಬರುತ್ತಾ? ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಇವನು ಎಲ್ಲವನ್ನೂ ಪ್ರಾಮಾಣಿಕವಾಗಿ ತುಂಬಿಕೊಟ್ಟ. ಅದರ ಫೋಟೋ ಅವನ ಫೋನಲ್ಲಿತ್ತು, ನಾನು ನೋಡಿದ್ದು ಎಲ್ಲ ಮುಗಿದ ಮೇಲೆ. ಎಲ್ಲಿ ಗಾಯ ಆಗಿದೆ ಅಂತ ಅವನ ಕೈಯಲ್ಲೇ ಬರೆಸಿಕೊಂಡಿದ್ದರು.

ಆಮೇಲೆ ಪ್ರೀತಿಯೋ ಪ್ರೀತಿ. ಬೆಳಗ್ಗೆ ಐದಕ್ಕೇ ಮೆಸೇಜು. ಮಧ್ಯಾಹ್ನ "ಊಟ ಆಯ್ತಾ ತಮ್ಮಾ?" ಸಂಜೆ ಆಫೀಸ್ ಗೇಟಲ್ಲಿ ಬೈಕು. ಜ್ವರ ಬಂದಾಗ ಗಂಜಿ ಮಾಡಿಕೊಂಡು ಬಂದರು. ನಿಜ ಹೇಳಬೇಕಂದರೆ ಒಡಹುಟ್ಟಿದ ನಾನೇ ಅಷ್ಟು ಮಾಡಿರಲಿಲ್ಲ. ಇದಕ್ಕೆ 'ಲವ್ ಬಾಂಬಿಂಗ್' ಅಂತ ಹೆಸರೇ ಇದೆ, 1970ರ ದಶಕದ ಅಮೆರಿಕದ ಪಂಥಗಳ ಕಾಲದಿಂದ ಇರೋ ಮಾತು. ಒಂದು ಭಾನುವಾರ ಇವನು ಹೋಗಲಿಲ್ಲ. ಅವತ್ತು ಒಬ್ಬರೂ ಮೆಸೇಜ್ ಹಾಕಲಿಲ್ಲ. ಸೋಮವಾರ ಇವನೇ ಹೋಗಿ ಕ್ಷಮೆ ಕೇಳಿ ಬಂದ.

ಮುಂದಿನದು ನಾಲ್ಕು ದಿನದ ಶಿಬಿರ. ಫೋನ್ ತೆಗೆದಿಟ್ಟುಕೊಂಡರು. ಮಲಗೋದು ಹನ್ನೊಂದೂವರೆಗೆ, ಏಳಿಸೋದು ಮೂರೂವರೆಗೆ. ಒಂದು ನೋಟ್‌ಬುಕ್ ಕೊಟ್ಟು, ಮಾಡಿದ ತಪ್ಪುಗಳನ್ನೆಲ್ಲ ಬರೆದು ಎಲ್ಲರ ಮುಂದೆ ಓದಿಸಿದರು. ಇವನ ಪಟ್ಟಿಯಲ್ಲಿ ಏಳನೆಯದು: "ಅಪ್ಪನನ್ನು ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ." ಇದು ನಿನ್ನ ತಪ್ಪಲ್ಲಪ್ಪಾ ಅಂತ ಅಲ್ಲಿ ಒಬ್ಬರೂ ಹೇಳಲಿಲ್ಲ. "ಇನ್ನೂ ಇದೆ, ಒಳಗೆ ಹುಡುಕು" ಅಂದರಂತೆ.

ಮಾತ್ರೆ ಬಿಡು ಅಂತಲೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಜಾಣರು. "ಮಾತ್ರೆ ಮೇಲಿರೋ ನಂಬಿಕೆ ಮೇಲಿನವನ ಮೇಲೆ ಇಲ್ವಲ್ಲ" ಅಂದರು, ಅಷ್ಟೇ. ಇವನು ಬಿಟ್ಟ. ಬೈಪೋಲಾರ್ ಇರುವವರಿಗೆ ನಾಲ್ಕು ರಾತ್ರಿ ನಿದ್ದೆ ಕೆಟ್ಟರೇ ಉನ್ಮಾದ ಶುರುವಾಗಬಹುದು. ಲಿಥಿಯಂ ದಿಢೀರ್ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಇನ್ನೂ ಜಾಸ್ತಿ. ಇವನಿಗೆ ಎರಡೂ ಒಟ್ಟಿಗೆ ಆಯ್ತು. ಕಣ್ಣು ಅಗಲ, ಮಾತು ನಿಲ್ಲುತ್ತಿಲ್ಲ, ದಣಿವೇ ಇಲ್ಲ. ಅವರು ಅದನ್ನು ನೋಡಿ "ಕೃಪೆ ಇಳಿದಿದೆ" ಅಂತ ವೇದಿಕೆ ಹತ್ತಿಸಿದರು!

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ವಿಷಯ ಗೊತ್ತಾದ ದಿನ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವರನ್ನು ಕಳ್ಳರು ಅಂದೆ, ಇವನನ್ನು ದಡ್ಡ ಅಂದೆ. ಅವನು ಸಮಾಧಾನವಾಗಿ, "ಅಕ್ಕಾ, ನೀನು ಹೀಗೇ ಅಂತೀಯ ಅಂತ ಅವರು ಮೊದಲೇ ಹೇಳಿದ್ರು" ಅಂದ. ಮೊದಲು ಅಡ್ಡ ಬರೋದೇ ಮನೆಯವರು ಅಂತ ಅವನಿಗೆ ಪಾಠ ಮಾಡಿಟ್ಟಿದ್ದರು. ಅವರ ಭವಿಷ್ಯವನ್ನು ನಾನೇ ನಿಜ ಮಾಡಿಕೊಟ್ಟೆ. ಆಮೇಲೆ 23 ದಿನ ಅವನು ನನ್ನ ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ಆ್ಯಪಿನಲ್ಲಿ 1.8 ಲಕ್ಷ ಸಾಲ ತೆಗೆದು ಕಾಣಿಕೆ ಕೊಟ್ಟಾಗಿತ್ತು. ಕೊನೆಗೆ ಒಂದು ರಾತ್ರಿ ಎರಡು ಗಂಟೆಗೆ ಪಿಜಿ ಮಾಲೀಕರ ಫೋನ್ ಬಂತು. ಬರಿಗಾಲಲ್ಲಿ ರಿಂಗ್ ರೋಡಿನ ನಡುವೆ ನಿಂತಿದ್ದನಂತೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಒಡೆಯದ ಮಾತ್ರೆ ಸ್ಟ್ರಿಪ್ಪುಗಳು ಸಿಕ್ಕವು.

ಆಸ್ಪತ್ರೆಯಲ್ಲಿ 19 ದಿನ. ಗಂಜಿ ತಂದವರಲ್ಲಿ ಒಬ್ಬರೂ ಬರಲಿಲ್ಲ. "ಅವನ ನಂಬಿಕೆ ಸಾಲಲಿಲ್ಲ" ಅಂತ ಹೇಳಿಕಳಿಸಿದರು.

ನಿಮ್ಮ ಮನೆಯಲ್ಲಿ ಹೀಗಾಗುತ್ತಿದ್ದರೆ ದೇವರ ಬಗ್ಗೆ ವಾದಕ್ಕೆ ಇಳಿಯಬೇಡಿ, ಸೋಲುತ್ತೀರಿ. ರಾತ್ರಿ ಎಷ್ಟು ಹೊತ್ತು ಮಲಗಿದೆ, ಮಾತ್ರೆ ತಗೊಂಡೆಯಾ, ಇಷ್ಟೇ ಕೇಳಿ. ಬೈಯದೆ ಕೇಳಿ, ದಿನಾ ಕೇಳಿ. ಬಿಟ್ಟಿದ್ದಾರೆ ಅನ್ನಿಸಿದರೆ ಅವತ್ತೇ ಅವರ ಡಾಕ್ಟರಿಗೆ ಹೇಳಿ. ಯಾರನ್ನು ಕೇಳೋದು ಅಂತ ತೋಚದಿದ್ದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. 2022ರಲ್ಲಿ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ನನಗೆ ಇದು ಆ 23 ದಿನಗಳಲ್ಲಿ ಗೊತ್ತಿರಲಿಲ್ಲ.

ಹೋದ ವಾರ ಪಿಜಿಗೆ ಅವನ ಉಳಿದ ಸಾಮಾನು ತರಲು ಹೋಗಿದ್ದೆ. ಕೆಳಗಿನ ಬೋರ್ಡಿನಲ್ಲಿ ಭಾನುವಾರದ ಸಭೆಯ ಚೀಟಿ ಅಂಟಿಸಿದ್ದರು. ಫಾರಂ ಈಗ ಕ್ಯೂಆರ್ ಕೋಡಿನಲ್ಲಿ ಬರುತ್ತೆ. ಸ್ಕ್ಯಾನ್ ಮಾಡಿ ನೋಡಿದೆ. ಪ್ರಶ್ನೆಗಳು ಅವೇ.